ಕೋಲೆ ಬಸವನಂಥ ಮಾಕ್: ಟೆಲಿಗ್ರಾಂ ಬಾಟ್‌ಗೆ ಟೆಸ್ಟ್ ಬರೆಯುವ ಸರಿಯಾದ ಕ್ರಮ

ಟೆಸ್ಟ್ ಎಲ್ಲಾ ಹಸಿರು (ಅಂದರೆ ಪಾಸ್), ಬಾಟ್ ಮಾತ್ರ ಉತ್ತರ ಕೊಡ್ತಿಲ್ಲ. ಈ ದೂರು ಹೇಳಿಕೊಂಡು ಬರುವವರ ಕೋಡ್ ತೆರೆದು ನೋಡಿದರೆ ಹತ್ತರಲ್ಲಿ ಎಂಟು ಸಲ ಒಂದೇ ಕಥೆ. ಮಾಕ್, ಅಂದರೆ ಟೆಸ್ಟ್‌ನಲ್ಲಿ ಅಸಲಿ ವಸ್ತುವಿನ ಜಾಗದಲ್ಲಿ ಕೂರಿಸುವ ನಕಲಿ, ಒಂದು ಕೋಲೆ ಬಸವ. ಏನು ಕೇಳಿದರೂ ತಲೆ ಆಡಿಸುತ್ತದೆ. ಇಲ್ಲದ ಫಂಕ್ಷನ್ ಕರೆದರೂ ಹೂಂ, ಹತ್ತು ಸಾವಿರ ಅಕ್ಷರದ ಮೆಸೇಜ್ ಕಳಿಸಿದರೂ ಹೂಂ. ಅದಕ್ಕೆ ಬೇಕಾದ ಕಡೆ "ಇಲ್ಲ" ಅನ್ನುವುದನ್ನು ಕಲಿಸುವವರೆಗೆ ನಿಮ್ಮ ಟೆಸ್ಟ್ ಏನನ್ನೂ ಪರೀಕ್ಷೆ ಮಾಡುವುದಿಲ್ಲ.

ಉದಾಹರಣೆಗೆ ನಮ್ಮ ಅಪಾರ್ಟ್‌ಮೆಂಟ್‌ಗೆ ನಾನು ಬರೆದ ಹಾಲಿನ ಬಾಟನ್ನೇ ತೆಗೆದುಕೊಳ್ಳುತ್ತೇನೆ. ಜನ "ನಾಳೆ 2 ಲೀಟರ್" ಅಂತ ಟೈಪ್ ಮಾಡುತ್ತಾರೆ, ಬಾಟ್ ಆರ್ಡರ್ ಬರೆದಿಟ್ಟುಕೊಂಡು ಉತ್ತರ ಕೊಡುತ್ತದೆ. ರಾತ್ರಿ 9ಕ್ಕೆ ಆರ್ಡರ್ ಬಂದ್. ಸಂಜೆ ಎಲ್ಲರಿಗೂ ಒಂದು ನೆನಪೋಲೆ. ಇಷ್ಟೇ. ಆದರೆ ಬಾಟ್ ಟೆಸ್ಟಿಂಗ್‌ನ ಎಲ್ಲಾ ತಲೆನೋವೂ ಇದರಲ್ಲೇ ಇದೆ. ಕೋಡಿನ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಹೊಡೆಯಬೇಕು ಅಂತ ಹೇಳಬೇಕಾಗಿಲ್ಲ ಅಲ್ವಾ.

ಮೊದಲು ಬೇಕಾದ ಸಾಮಾನು

ಪೈಥಾನ್ 3.10 ಅಥವಾ ಅದಕ್ಕಿಂತ ಹೊಸದು, ಪೈಥಾನ್-ಟೆಲಿಗ್ರಾಂ-ಬಾಟ್ ಲೈಬ್ರರಿ 20 ಅಥವಾ ಮುಂದಿನದು, ಟೆಸ್ಟ್ ಓಡಿಸುವ ಪೈಟೆಸ್ಟ್, ಪೈಟೆಸ್ಟ್-ಅಸಿಂಕ್‌ಐಓ, ಪೈಟೆಸ್ಟ್-ಸಾಕೆಟ್. ಮಾಕ್‌ಗೆ ಬೇರೇನೂ ಇನ್‌ಸ್ಟಾಲ್ ಮಾಡಬೇಡಿ, ಯೂನಿಟ್‌ಟೆಸ್ಟ್ ಡಾಟ್ ಮಾಕ್ ಪೈಥಾನ್ ಜೊತೆಗೇ ಬರುತ್ತದೆ.

ಲೈಬ್ರರಿಯ ಆವೃತ್ತಿ ಸಂಖ್ಯೆ ಮುಖ್ಯ. 20ರಿಂದ ಅದು ಪೂರ್ತಿ ಅಸಿಂಕ್ ಆಗಿದೆ, ಅಂದರೆ ಅದರ ಫಂಕ್ಷನ್‌ಗಳನ್ನು ಅವೇಟ್ ಎಂಬ ಪದ ಹಾಕಿ, ಮುಗಿಯುವವರೆಗೆ ಕಾದು ಕರೆಯಬೇಕು. ಅದಕ್ಕೂ ಹಿಂದಿನ ಟ್ಯುಟೋರಿಯಲ್ ನೋಡಿ ನಕಲು ಮಾಡಿದ ಟೆಸ್ಟ್ ಇಲ್ಲಿ ಓಡುವುದಿಲ್ಲ.

ಪೈಟೆಸ್ಟ್ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಅಸಿಂಕ್‌ಐಓ ಮೋಡ್ ಅನ್ನು "ಆಟೋ" ಮಾಡಿ. ಇದನ್ನು ಮಾಡದೆ, ಟೆಸ್ಟ್ ಮೇಲೆ ಇದು ಅಸಿಂಕ್ ಅನ್ನುವ ಮಾರ್ಕ್ ಕೂಡ ಹಾಕದೆ ಬಿಟ್ಟರೆ ಅಸಿಂಕ್ ಟೆಸ್ಟ್ ಓಡುವುದೇ ಇಲ್ಲ. 8.4ರಿಂದ ಪೈಟೆಸ್ಟ್ ಅಂಥ ಟೆಸ್ಟನ್ನು ಫೇಲ್ ಮಾಡುತ್ತದೆ. ಹಳೆಯವು ಮಾತ್ರ ಒಂದು ಎಚ್ಚರಿಕೆ ಸಾಲು ಬರೆದು ಸುಮ್ನೆ ಸ್ಕಿಪ್ ಮಾಡುತ್ತಿದ್ದವು. ನೀವು ಆ ಹಳದಿ ಸಾಲನ್ನು ಓದುವುದಿಲ್ಲ, ನಾನೂ ಓದುತ್ತಿರಲಿಲ್ಲ.

ಹಂತ 1: ಲೆಕ್ಕದ ಕೆಲಸವನ್ನು ಬಾಟ್‌ನಿಂದ ಬೇರೆ ಮಾಡಿ

ಮಾಕ್ ಮುಟ್ಟುವ ಮೊದಲು ಈ ಕೆಲಸ. ಹೆಚ್ಚಿನವರು ಹ್ಯಾಂಡ್ಲರ್ (ಮೆಸೇಜ್ ಬಂದಾಗ ಓಡುವ) ಫಂಕ್ಷನ್ ಒಳಗೇ ಪಠ್ಯ ಒಡೆದು, ಲೀಟರ್ ಲೆಕ್ಕ ಹಾಕಿ, ಡೇಟಾಬೇಸ್‌ಗೆ ಬರೆದು, ಉತ್ತರ ಕಳಿಸಿರುತ್ತಾರೆ. ಅದಕ್ಕೆ ಟೆಸ್ಟ್ ಬರೆಯಲು ಕೂತರೆ ಐದು ಮಾಕ್ ಬೇಕು. ಬದಲಿಗೆ ಪಠ್ಯ ತೆಗೆದುಕೊಂಡು ಲೀಟರ್ ಸಂಖ್ಯೆ ವಾಪಸ್ ಕೊಡುವ ಒಂದು ಸಾದಾ ಫಂಕ್ಷನ್ ಮಾಡಿ. ಅದಕ್ಕೆ ಟೆಲಿಗ್ರಾಂ ಅನ್ನೋದು ಒಂದಿದೆ ಅಂತಲೇ ಗೊತ್ತಿರಬಾರದು.

ಇಲ್ಲಿ ಟೆಸ್ಟ್‌ಗಳು ಜಾಸ್ತಿ ಇರಲಿ, ಒಂದೂ ಮಾಕ್ ಬೇಡ. ಕನ್ನಡ ಬಾಟ್ ಆದರೆ ಈ ಮೂರನ್ನು ಮರೆಯಬೇಡಿ.

ಒಂದು, ಕನ್ನಡ ಅಂಕಿ. ಯಾರೋ ಅಜ್ಜಿ "ನಾಳೆ ೨ ಲೀಟರ್" ಅಂತ ಕಳಿಸುತ್ತಾರೆ. ಪೈಥಾನ್‌ನ ಇಂಟ್ ಫಂಕ್ಷನ್ ಕನ್ನಡದ ೨ ಅನ್ನು ಸರಿಯಾಗಿಯೇ 2 ಅಂತ ಓದುತ್ತದೆ. ಆದರೆ ಪಠ್ಯ ಹುಡುಕುವ ನಿಮ್ಮ ರೆಜೆಕ್ಸ್‌ನಲ್ಲಿ 0 ರಿಂದ 9 ಅಂತ ಕಟ್ಟುನಿಟ್ಟಾಗಿ ಬರೆದಿದ್ದರೆ ಅದು ಅಲ್ಲಿಗೆ ತಲುಪುವುದೇ ಇಲ್ಲ.

ಎರಡು, ಕಣ್ಣಿಗೆ ಕಾಣದ ಅಕ್ಷರ. ಕೆಲವು ಕೀಬೋರ್ಡ್‌ಗಳಲ್ಲಿ "ಲೀಟರ್" ಅಂತ ಹೊಡೆದರೆ ಕೊನೆಗೆ ಒಂದು ಜೀರೋ ವಿಡ್ತ್ ನಾನ್ ಜಾಯ್ನರ್ ಅಂಟಿಕೊಂಡು ಬರುತ್ತದೆ. ನೋಡಲು ಎರಡೂ ಒಂದೇ, ಹೋಲಿಸಿದರೆ ಬೇರೆ ಬೇರೆ. ಸ್ಟ್ರಿಪ್ ಮಾಡಿದರೂ ಹೋಗುವುದಿಲ್ಲ, ಯಾಕೆಂದರೆ ಪೈಥಾನ್ ಅದನ್ನು ಖಾಲಿ ಜಾಗ ಅಂತ ಪರಿಗಣಿಸುವುದಿಲ್ಲ. ರಿಪ್ಲೇಸ್ ಮಾಡಿಯೇ ತೆಗೆಯಬೇಕು.

ಮೂರು, ಒಂದೇ ಅಕ್ಷರಕ್ಕೆ ಎರಡು ರೂಪ. "ಲೀ" ಅನ್ನುವುದರ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘದ ಗುರುತು ಅಂತ ಎರಡಾಗಿ ಒಡೆದೂ ಬರೆಯಬಹುದು. ಹೋಲಿಸುವ ಮೊದಲು ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ಎನ್‌ಎಫ್‌ಸಿ ನಾರ್ಮಲೈಸ್ ಹಾಕಿದರೆ ಎರಡೂ ಒಂದಾಗುತ್ತವೆ.

ಹಂತ 2: ಅಪ್‌ಡೇಟ್ ಅಸಲಿಯಾಗಿರಲಿ, ಬಾಟ್ ಮಾತ್ರ ನಕಲಿ

ಟೆಲಿಗ್ರಾಂನಿಂದ ಬಾಟ್‌ಗೆ ಬರುವ ಪ್ರತಿ ಸುದ್ದಿಯೂ ಒಂದು ಅಪ್‌ಡೇಟ್. ಜನ ಮಾಡುವ ದೊಡ್ಡ ತಪ್ಪು ಅಂದರೆ ಅಪ್‌ಡೇಟನ್ನೂ ಮ್ಯಾಜಿಕ್‌ಮಾಕ್ ಮಾಡುವುದು. ಆಗ ಅಪ್‌ಡೇಟ್ ಡಾಟ್ ಮೆಸೇಜ್ ಡಾಟ್ ಟೆಕ್ಸ್ಟ್ ಯಾವಾಗಲೂ ಇರುತ್ತದೆ. ನಿಜ ಜೀವನದಲ್ಲಿ ಇರುವುದಿಲ್ಲ. ಬಳಕೆದಾರ 2 ಅಂತ ಕಳಿಸಿ, ಆಮೇಲೆ ಅದನ್ನೇ ಎಡಿಟ್ ಮಾಡಿ 3 ಮಾಡಿದ ಅಂದುಕೊಳ್ಳಿ. ಆಗ ಬರುವ ಅಪ್‌ಡೇಟ್‌ನಲ್ಲಿ ಮೆಸೇಜ್ ಅನ್ನುವುದು ನನ್ (ಏನೂ ಇಲ್ಲ), ವಿಷಯ ಎಲ್ಲಾ ಎಡಿಟೆಡ್‌ಮೆಸೇಜ್‌ನಲ್ಲಿ. ಈ ಲೈಬ್ರರಿಯ ಮೆಸೇಜ್‌ಹ್ಯಾಂಡ್ಲರ್ ನೀವು ತಡೆಯದಿದ್ದರೆ ಎಡಿಟ್ ಆದ ಮೆಸೇಜನ್ನೂ ನಿಮ್ಮ ಫಂಕ್ಷನ್‌ಗೆ ತಂದು ಕೊಡುತ್ತದೆ. ಬಾಟ್ ಅಲ್ಲೇ ಮುಗ್ಗರಿಸುತ್ತದೆ. ಹೊಸದೋ ಎಡಿಟ್ ಆದದ್ದೋ, ಯಾವುದಿದ್ದರೂ ಕೊಡುವ ಎಫೆಕ್ಟಿವ್‌ಮೆಸೇಜ್ ಬಳಸಿ, ಇಲ್ಲವೇ ಫಿಲ್ಟರ್‌ನಲ್ಲೇ ಹೊಸ ಮೆಸೇಜ್ ಮಾತ್ರ ಸಾಕು ಅಂತ ಹೇಳಿ.

ಸರಿಯಾದ ದಾರಿ ಹೀಗೆ. ಒಮ್ಮೆ ನಿಜವಾಗಿ ಬಾಟ್ ಜೊತೆ ಮಾತಾಡಿ, ಬಂದ ಅಪ್‌ಡೇಟನ್ನು ಟು‌ಜೇಸನ್ ಮಾಡಿ (ಜೇಸನ್ ಅಂದರೆ ಡೇಟಾ ಬರೆದಿಡುವ ಪಠ್ಯ ರೂಪ) ಫೈಲ್‌ನಲ್ಲಿ ಉಳಿಸಿ. ಹೆಸರು, ಐಡಿ ಎಲ್ಲಾ ಬದಲಿಸಿ, ಯಾರದೋ ಅಸಲಿ ವಿವರ ಗಿಟ್‌ಗೆ ಹೋಗಬಾರದು. ಟೆಸ್ಟ್‌ನಲ್ಲಿ ಅದನ್ನು ಅಪ್‌ಡೇಟ್ ಕ್ಲಾಸ್‌ನ ಡಿ‌ಜೇಸನ್ ಮೂಲಕ ಮತ್ತೆ ವಸ್ತುವಾಗಿ ಮಾಡಿ, ಎರಡನೇ ಆರ್ಗ್ಯುಮೆಂಟ್ ಆಗಿ ನಕಲಿ ಬಾಟ್ ಕೊಡಿ. ಮೆಸೇಜ್‌ನ ರಿಪ್ಲೈ‌ಟೆಕ್ಸ್ಟ್ ಒಳಗೊಳಗೇ ಆ ಬಾಟ್‌ನ ಸೆಂಡ್‌ಮೆಸೇಜನ್ನೇ ಕರೆಯುತ್ತದೆ, ಹಾಗಾಗಿ ನೀವು ಹಿಡಿಯಬೇಕಾದ ಜಾಗ ಅದೊಂದೇ.

ಅಸಲಿ ಮೆಸೇಜ್ ತೆಗೆದುಕೊಂಡು ಅದರ ರಿಪ್ಲೈ‌ಟೆಕ್ಸ್ಟ್ ಜಾಗದಲ್ಲಿ ಮಾಕ್ ಕೂರಿಸಲು ಹೋದರೆ ಎರರ್ ಬರುತ್ತದೆ. 20ರಿಂದ ಈ ವಸ್ತುಗಳನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಅಲ್ಲಿ ಗುದ್ದಾಡಬೇಡಿ.

ಒಂದು ಅಪ್‌ಡೇಟ್ ಸಾಲದು. ಎಡಿಟ್ ಮಾಡಿದ್ದು, ಪಠ್ಯವೇ ಇಲ್ಲದ ಫೋಟೋ, ಗ್ರೂಪ್‌ನಿಂದ ಬಂದದ್ದು, ಸ್ಲ್ಯಾಶ್ ಕಮಾಂಡ್, ಹೀಗೆ ನಾಲ್ಕೈದು ಫೈಲ್ ಇಟ್ಟುಕೊಳ್ಳಿ.

ಹಂತ 3: ನಕಲಿ ಬಾಟ್‌ಗೆ ಅಳತೆ ಕೊಟ್ಟು ಮಾಡಿಸಿ

ಬಾಟ್‌ನ ಫಂಕ್ಷನ್‌ಗಳೆಲ್ಲ ಅವೇಟ್ ಆಗುವಂಥವು. ಸಾದಾ ಮ್ಯಾಜಿಕ್‌ಮಾಕ್ ಕೊಟ್ಟರೆ "ಇದನ್ನು ಅವೇಟ್ ಮಾಡಲು ಬರುವುದಿಲ್ಲ" ಎಂಬ ಟೈಪ್‌ಎರರ್ ಬರುತ್ತದೆ. ಅಸಿಂಕ್‌ಮಾಕ್ ಬೇಕು, ಪೈಥಾನ್ 3.8ರಿಂದ ಇದೆ.

ಆದರೆ ಬರೀ ಅಸಿಂಕ್‌ಮಾಕ್ ಮತ್ತೆ ಕೋಲೆ ಬಸವನೇ. ಸೆಂಡ್‌ಮೆಸೇಜ್ ಅನ್ನುವಲ್ಲಿ ಒಂದು ಎಸ್ ಬಿಟ್ಟು ಹೊಡೆದರೂ ಟೆಸ್ಟ್ ಪಾಸ್. ಅದಕ್ಕೆ ಸ್ಪೆಕ್ ಆಗಿ, ಅಂದರೆ ಅಳತೆಯ ಮಾದರಿಯಾಗಿ, ಲೈಬ್ರರಿಯ ಅಸಲಿ ಎಕ್ಸ್ಟ್‌ಬಾಟ್ ಕ್ಲಾಸ್ ಕೊಡಿ. ಆಗ ಆ ಕ್ಲಾಸ್‌ನಲ್ಲಿ ಇಲ್ಲದ ಹೆಸರು ಮುಟ್ಟಿದ ಕೂಡಲೇ ಆಟ್ರಿಬ್ಯೂಟ್‌ಎರರ್ ಬೀಳುತ್ತದೆ. ಆರ್ಗ್ಯುಮೆಂಟ್‌ಗಳೂ ಸರಿ ಇವೆಯಾ ನೋಡಬೇಕು ಅಂದರೆ ಕ್ರಿಯೇಟ್‌ಆಟೋಸ್ಪೆಕ್ ಬಳಸಿ.

ಜೊತೆಗೆ ಆ ನಕಲಿ ಬಾಟ್‌ನ ಡಿಫಾಲ್ಟ್ಸ್ ಗುಣಕ್ಕೆ ನನ್ ಹಾಕಿ, ಯೂಸರ್‌ನೇಮ್‌ಗೆ ಒಂದು ಸಾದಾ ಸ್ಟ್ರಿಂಗ್ ಹಾಕಿ. ಇಲ್ಲದಿದ್ದರೆ ಅವೂ ಮಾಕ್‌ಗಳೇ ಆಗಿರುತ್ತವೆ. ಲೈಬ್ರರಿ ಡಿಫಾಲ್ಟ್ಸ್ ಒಳಗೆ ಟೈಮ್‌ಝೋನ್ ಹುಡುಕಲು ಹೋಗಿ, ಸಿಕ್ಕಿದ ಮಾಕನ್ನು ದಿನಾಂಕಕ್ಕೆ ಕೊಟ್ಟು, ಎಲ್ಲೋ ಸಂಬಂಧವೇ ಇಲ್ಲದ ಸಾಲಿನಲ್ಲಿ ಎರರ್ ತೋರಿಸುತ್ತದೆ. ಇದೊಂದಕ್ಕೆ ನನ್ನ ಒಂದು ಇಡೀ ಭಾನುವಾರ ಹೋಗಿದೆ.

ಹಂತ 4: ಪ್ಯಾಚ್ ಮಾಡುವುದು ಬಳಸುವ ಜಾಗದಲ್ಲಿ

"ಪ್ಯಾಚ್ ಮಾಡಿದ್ದೇನೆ, ಆದರೂ ಅಸಲಿ ಫಂಕ್ಷನ್ನೇ ಓಡ್ತಿದೆ." ಪ್ಯಾಚ್ ಅಂದರೆ ಟೆಸ್ಟ್ ಮುಗಿಯುವವರೆಗೆ ಒಂದು ಹೆಸರಿನ ಜಾಗದಲ್ಲಿ ಮಾಕ್ ಕೂರಿಸುವುದು. ಈ ದೂರಿಗೆ ಕಾರಣ ಒಂದೇ. ಆರ್ಡರ್ ಉಳಿಸುವ ಫಂಕ್ಷನ್ ಡೇಟಾ ಎಂಬ ಮಾಡ್ಯೂಲ್‌ನಲ್ಲಿದೆ, ಹಾಲು ಎಂಬ ಮಾಡ್ಯೂಲ್ ಅದನ್ನು ಫ್ರಂ-ಇಂಪೋರ್ಟ್ ಮಾಡಿಕೊಂಡಿದೆ. ಇಂಪೋರ್ಟ್ ಆದ ಕ್ಷಣಕ್ಕೆ ಆ ಹೆಸರಿನ ಒಂದು ಪ್ರತಿ ಹಾಲು ಮಾಡ್ಯೂಲ್‌ಗೆ ಬಂದು ಕೂತಿದೆ. ನೀವು ಡೇಟಾದಲ್ಲಿ ಬದಲಿಸಿದರೆ ಹಾಲಿಗೆ ಗೊತ್ತೇ ಆಗುವುದಿಲ್ಲ. ಹಾಲು ಮಾಡ್ಯೂಲ್‌ನ ಹೆಸರನ್ನೇ ಪ್ಯಾಚ್ ಮಾಡಿ.

ಹಾಗೆ ನೋಡಿದರೆ ನಾನು ಡೇಟಾಬೇಸನ್ನು ಮಾಕ್ ಮಾಡುವುದೇ ಇಲ್ಲ. ಎಸ್‌ಕ್ಯೂಲೈಟ್ ಮೆಮೊರಿಯಲ್ಲೇ ಓಡುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಕ್ವೆರಿ ತಪ್ಪಿದ್ದರೆ ಅಲ್ಲೇ ಹಿಡಿಯುತ್ತದೆ. ಮನೆಯ ಹೊರಗಿರುವುದಕ್ಕೆ ಮಾತ್ರ ಮಾಕ್ ಸಾಕು: ಟೆಲಿಗ್ರಾಂ, ಪೇಮೆಂಟ್, ಎಸ್ಎಂಎಸ್, ಹೀಗೆ. ನಿಮ್ಮ ಬಾಟ್ ಯಾವುದಾದರೂ ಭಾಷಾ ಮಾಡೆಲ್‌ಗೆ ಕೇಳಿ ಉತ್ತರ ಕೊಡುವಂಥದ್ದಾದರೆ ಅದೂ ಹೊರಗಿನದೇ. ಅಲ್ಲಿ ಖಾಲಿ ಉತ್ತರ, ಅರ್ಧಕ್ಕೆ ತುಂಡಾದ ಜೇಸನ್, ಟೈಮ್‌ಔಟ್ ಈ ಮೂರನ್ನು ಮಾಕ್‌ನಿಂದ ಹೇಳಿಸಿ ನೋಡಿ.

ಹಂತ 5: ಏನನ್ನು ಅಸರ್ಟ್ ಮಾಡಬೇಕು

ಅಸರ್ಟ್ ಅಂದರೆ ಹೀಗೇ ಆಗಿದೆಯಾ ಅಂತ ಟೆಸ್ಟ್ ಖಚಿತ ಮಾಡಿಕೊಳ್ಳುವುದು. ಅಸರ್ಟ್-ಅವೇಟೆಡ್-ಒನ್ಸ್ ಬಳಸಿ, ಅಸರ್ಟ್-ಕಾಲ್ಡ್-ಒನ್ಸ್ ಬೇಡ. ಅವೇಟ್ ಬರೆಯಲು ಮರೆತಿದ್ದರೆ ಫಂಕ್ಷನ್ "ಕರೆದ" ಹಾಗೆ ಆಗಿರುತ್ತದೆ, ಮೆಸೇಜ್ ಮಾತ್ರ ಹೋಗಿರುವುದಿಲ್ಲ. ಬಾಟ್ ಕೋಡಿನಲ್ಲಿ ಇದು ತೀರಾ ಸಾಮಾನ್ಯ.

ಎಲ್ಲಾ ಆರ್ಗ್ಯುಮೆಂಟ್ ಸೇರಿಸಿ ಹೋಲಿಸಲು ಹೋಗಬೇಡಿ. ರಿಪ್ಲೈ‌ಟೆಕ್ಸ್ಟ್ ತನ್ನ ಪಾಡಿಗೆ ಇನ್ನೂ ಹತ್ತಾರು ಆರ್ಗ್ಯುಮೆಂಟ್ ಸೇರಿಸಿ ಕಳಿಸುತ್ತದೆ, ಲೈಬ್ರರಿ ಅಪ್‌ಡೇಟ್ ಆದಾಗಲೆಲ್ಲ ಟೆಸ್ಟ್ ಮುರಿಯುತ್ತದೆ. ಮಾಕ್‌ನ ಅವೇಟ್‌ಆರ್ಗ್ಸ್‌ನಿಂದ ಪಠ್ಯ ಮತ್ತು ಚಾಟ್ ಐಡಿ ಎರಡನ್ನು ತೆಗೆದು ನೋಡಿ, ಸಾಕು. ಪಠ್ಯದಲ್ಲೂ ಇಡೀ ವಾಕ್ಯ ಬೇಡ, "2 ಲೀಟರ್" ಇದೆಯಾ ಅಂತ ಕೇಳಿ. ನಾಳೆ ಯಾರೋ "ಸರಿ" ಅನ್ನುವುದನ್ನು "ಆಯ್ತು" ಮಾಡಿದರೆ ಟೆಸ್ಟ್ ಬೀಳಬಾರದು.

ಇನ್ನೊಂದು ಹಳೇ ಬಲೆ. ಅಸರ್ಟ್ ಪದವನ್ನೇ ಬಿಟ್ಟು ಕಾಲ್ಡ್-ಒನ್ಸ್-ವಿತ್ ಅಂತ ಬರೆದರೆ ಅದೂ ಒಂದು ಹೊಸ ಮಾಕ್ ಆಗಿಬಿಡುತ್ತದೆ, ಏನನ್ನೂ ನೋಡದೆ ಪಾಸ್. ಪೈಥಾನ್ 3.12ರಿಂದ ಇದಕ್ಕೆ ಎರರ್ ಬರುತ್ತದೆ, ಹಿಂದಿನದರಲ್ಲಿ ನೀವೇ ಕಣ್ಣಿಡಬೇಕು.

ಹಂತ 6: ಮಾಕ್‌ಗೆ "ಇಲ್ಲ" ಅನ್ನುವುದನ್ನು ಕಲಿಸಿ

ಇಷ್ಟು ಹೇಳಿದ್ದು ಈ ಹಂತಕ್ಕೆ ಬರಲು. ಟೆಲಿಗ್ರಾಂ ಬೇಡ ಅನ್ನುವ ಸಂದರ್ಭಗಳನ್ನು, ಕರೆದಾಗ ಮಾಕ್ ಏನು ಮಾಡಬೇಕು ಅಂತ ಹೇಳುವ ಸೈಡ್‌ಎಫೆಕ್ಟ್ ಮೂಲಕ ಆಡಿಸಿ.

ಮೊದಲನೆಯದು ಬ್ಲಾಕ್. ಬಾಟನ್ನು ಬ್ಲಾಕ್ ಮಾಡಿದವರಿಗೆ ಕಳಿಸಿದರೆ ಫರ್ಬಿಡನ್ ಎಂಬ ಎಕ್ಸೆಪ್ಷನ್ ಬರುತ್ತದೆ. ಮೂರು ಜನರ ಪಟ್ಟಿ ಕೊಟ್ಟು, ಸೈಡ್‌ಎಫೆಕ್ಟ್‌ಗೆ ಮೂರು ಸದಸ್ಯರ ಲಿಸ್ಟ್ ಕೊಡಿ: ಮೊದಲನೆಯದು ಸರಿ, ಎರಡನೆಯದು ಫರ್ಬಿಡನ್, ಮೂರನೆಯದು ಸರಿ. ಆಮೇಲೆ ಮೂರನೆಯವರಿಗೆ ಮೆಸೇಜ್ ಹೋಗಿದೆಯಾ ನೋಡಿ. ಫರ್ಬಿಡನನ್ನು ಕೊನೆಯವರಿಗೆ ಇಟ್ಟರೆ ಲೂಪ್ ನಡುವೆ ನಿಂತುಹೋಗುವ ತಪ್ಪು ಕಾಣಿಸುವುದಿಲ್ಲ, ಅದಕ್ಕೇ ನಡುವಿನವರಿಗೆ ಇಡಬೇಕು.

ಎರಡನೆಯದು ವೇಗ. ಒಂದೇ ಚಾಟ್‌ಗೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಬೇಡ, ಒಂದು ಗ್ರೂಪ್‌ಗೆ ನಿಮಿಷಕ್ಕೆ 20 ದಾಟಬೇಡಿ, ಒಟ್ಟಾರೆ ಸೆಕೆಂಡಿಗೆ ಸುಮಾರು 30 ಎಂದು ಟೆಲಿಗ್ರಾಂ ಹೇಳುತ್ತದೆ. ದಾಟಿದರೆ 429 ಎಂಬ ಎರರ್, ಲೈಬ್ರರಿಯಲ್ಲಿ ಅದು ರಿಟ್ರೈ‌ಆಫ್ಟರ್, ಎಷ್ಟು ಸೆಕೆಂಡ್ ಕಾಯಬೇಕು ಅನ್ನುವುದೂ ಅದರಲ್ಲೇ ಇರುತ್ತದೆ. ಲಿಸ್ಟ್‌ನಲ್ಲಿ ಮೊದಲು ಇದನ್ನು ಎಸೆಯಿಸಿ, ಆಮೇಲೆ ಸರಿ ಅನ್ನಿಸಿ. ಅಸಲಿಯಾಗಿ ಕಾಯುವ ಹಾಗಾಗಬಾರದು. ಕಾಯುವ ಕೆಲಸಕ್ಕೆ ನಿಮ್ಮದೇ ಒಂದು ಪುಟ್ಟ ಫಂಕ್ಷನ್ ಮಾಡಿಕೊಂಡು ಅದನ್ನು ಪ್ಯಾಚ್ ಮಾಡಿ. ಅಸಿಂಕ್‌ಐಓದ ಸ್ಲೀಪನ್ನೇ ಪ್ಯಾಚ್ ಮಾಡಿದರೆ ಬೇರೆ ಕೋಡ್ ಕಾಯುವುದೂ ಕೆಡುತ್ತದೆ.

ಮೂರನೆಯದು ಅಳತೆ, ಇದು ಕನ್ನಡದವರಿಗೆ ವಿಶೇಷ ಏಟು. ಮೆಸೇಜ್ 4096 ಅಕ್ಷರ ದಾಟಬಾರದು. ಬಟನ್‌ಗೆ ಅಂಟಿಸುವ ಕಾಲ್‌ಬ್ಯಾಕ್ ಡೇಟಾ (ಒತ್ತಿದಾಗ ಬಾಟ್‌ಗೆ ವಾಪಸ್ ಬರುವ ಗುರುತು) 64 ಬೈಟ್ ದಾಟಬಾರದು. ಗಮನಿಸಿ, ಅಕ್ಷರ ಅಲ್ಲ, ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಒತ್ತು, ಗುಣಿತದ ಗುರುತು ಎಲ್ಲಾ ಬೇರೆ ಬೇರೆ ಲೆಕ್ಕ. ನಾನು ರದ್ದು ಬಟನ್‌ಗೆ "ರದ್ದು|ಕಾವೇರಿ ಬ್ಲಾಕ್|2 ಲೀಟರ್" ಅಂತ ಹಾಕಿದ್ದೆ. ಪೈಥಾನ್‌ನ ಲೆನ್ ಫಂಕ್ಷನ್ ಕೇಳಿದರೆ 27 ಅನ್ನುತ್ತದೆ. ಬೈಟ್ ಎಣಿಸಿದರೆ 71. ಮಾಕ್ ಹೂಂ ಅಂದಿತು, ಟೆಲಿಗ್ರಾಂ ಬ್ಯಾಡ್‌ರಿಕ್ವೆಸ್ಟ್ ಅಂದಿತು.

ಇದನ್ನು ಪ್ರತಿ ಟೆಸ್ಟ್‌ನಲ್ಲೂ ಬರೆಯುವುದು ಆಗದ ಮಾತು. ಅದಕ್ಕೇ ಸೆಂಡ್‌ಮೆಸೇಜ್‌ನ ಸೈಡ್‌ಎಫೆಕ್ಟ್‌ಗೆ ಒಂದು ಕಾವಲು ಫಂಕ್ಷನ್ ಕೊಟ್ಟುಬಿಡಿ. ಅದು ಪಠ್ಯದ ಉದ್ದ ನೋಡಲಿ, ಪ್ರತಿ ಬಟನ್‌ನ ಡೇಟಾವನ್ನು ಎನ್‌ಕೋಡ್ ಮಾಡಿ ಬೈಟ್ ಎಣಿಸಲಿ, ಮೀರಿದರೆ ಬ್ಯಾಡ್‌ರಿಕ್ವೆಸ್ಟ್ ಎಸೆಯಲಿ. ಹತ್ತು ಹದಿನೈದು ಸಾಲಿನ ಕೆಲಸ. ಫಿಕ್ಸ್ಚರ್ (ಟೆಸ್ಟ್‌ಗೆ ಬೇಕಾದ್ದನ್ನು ಮೊದಲೇ ಸಿದ್ಧ ಮಾಡಿಕೊಡುವ ಫಂಕ್ಷನ್) ಒಳಗೆ ಇಟ್ಟರೆ ಎಲ್ಲಾ ಟೆಸ್ಟ್‌ಗೂ ತಾನಾಗಿಯೇ ಸಿಗುತ್ತದೆ. ಬಟನ್ ಸಮಸ್ಯೆಗೆ ಪರಿಹಾರ ಏನು ಅಂದರೆ, ಡೇಟಾದಲ್ಲಿ ಆರ್ಡರ್‌ನ ನಂಬರ್ ಮಾತ್ರ ಇಡಿ, ಕನ್ನಡ ಬಟನ್‌ನ ಮೇಲಿನ ಬರಹದಲ್ಲಿ ಇರಲಿ.

ಹಂತ 7: ಗಡಿಯಾರವನ್ನು ಕೈಯಲ್ಲಿ ಹಿಡಿಯಿರಿ

ಸರ್ವರ್ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಓಡುತ್ತದೆ, ಹಾಲು ಬೆಂಗಳೂರಿನ ಸಮಯಕ್ಕೆ ಬರುತ್ತದೆ. ರಾತ್ರಿ 9 ಅಂದರೆ ಯುಟಿಸಿ 15:30. ಇದಕ್ಕಿಂತ ಕೆಟ್ಟದ್ದು ನಡುರಾತ್ರಿಯಿಂದ ಬೆಳಗ್ಗೆ 5:30ರ ನಡುವಿನ ಹೊತ್ತು. 10ನೇ ತಾರೀಕು ನಸುಕಿನ 2 ಗಂಟೆಗೆ ಯಾರೋ "ನಾಳೆ" ಅಂದರೆ 11 ಅಂತ ಅರ್ಥ. ಯುಟಿಸಿಯಲ್ಲಿ ಆಗ ಇನ್ನೂ 9ನೇ ತಾರೀಕು ರಾತ್ರಿ 8:30, ಹಾಗಾಗಿ ಕೋಡ್ 10 ಅಂತ ಬರೆದುಕೊಳ್ಳುತ್ತದೆ. ಇಂಥ ತಪ್ಪು ಹಗಲು ಹೊತ್ತಿನಲ್ಲಿ ಟೆಸ್ಟ್ ಓಡಿಸುವವರಿಗೆ ಯಾವತ್ತೂ ಕಾಣುವುದಿಲ್ಲ.

ಡೇಟ್‌ಟೈಮ್‌ನ ನೌ ಫಂಕ್ಷನ್ ಪ್ಯಾಚ್ ಮಾಡಲು ಹೋಗಬೇಡಿ, ಅದು ಪೈಥಾನ್ ಒಳಗಿನ ಸ್ಥಿರ ಟೈಪ್, ಟೈಪ್‌ಎರರ್ ಕೊಡುತ್ತದೆ. ಅದರ ಅಗತ್ಯವೂ ಇಲ್ಲ. ಮೆಸೇಜ್ ಜೊತೆ ಅದರ ಸಮಯ ಬಂದೇ ಇರುತ್ತದೆ, ಅದೂ ಯುಟಿಸಿ ಎಂಬ ಗುರುತಿನ ಸಮೇತ. ಅದನ್ನು ಝೋನ್‌ಇನ್ಫೋದ ಏಷ್ಯಾ/ಕೋಲ್ಕತಾಗೆ ತಿರುಗಿಸಿ ಲೆಕ್ಕದ ಫಂಕ್ಷನ್‌ಗೆ ಕೊಡಿ. ಟೆಸ್ಟ್‌ನಲ್ಲಿ ಜೇಸನ್ ಫೈಲ್‌ನ ಡೇಟ್ ಸಂಖ್ಯೆ ಬದಲಿಸಿದರೆ ಮುಗಿಯಿತು. ರಾತ್ರಿ 8:59, 9:00, ನಸುಕಿನ 2:00, ತಿಂಗಳ ಕೊನೇ ದಿನ, ಈ ನಾಲ್ಕು ಸಾಕು.

ಹಂತ 8: ದಾರಿ ಸರಿ ಇದೆಯಾ, ನೆನಪು ಸರಿ ಇದೆಯಾ

ಹ್ಯಾಂಡ್ಲರ್ ಫಂಕ್ಷನನ್ನು ನೇರವಾಗಿ ಕರೆದು ಟೆಸ್ಟ್ ಮಾಡಿದಿರಿ. ಆದರೆ ಮೆಸೇಜ್ ಅಲ್ಲಿಗೆ ತಲುಪುತ್ತದಾ? ರಿಜಿಸ್ಟರ್ ಮಾಡಿದ ಹ್ಯಾಂಡ್ಲರ್‌ನ ಚೆಕ್‌ಅಪ್‌ಡೇಟ್‌ಗೆ ಹಂತ 2ರ ಅಪ್‌ಡೇಟ್ ಕೊಟ್ಟು ನೋಡಿ, ಒಪ್ಪುತ್ತದೋ ಇಲ್ಲವೋ ತಿಳಿಯುತ್ತದೆ. ಕಮಾಂಡ್ ಆದರೆ ಜೇಸನ್‌ನಲ್ಲಿ ಇದು ಕಮಾಂಡ್ ಅಂತ ಗುರುತಿಸುವ ಎಂಟಿಟೀಸ್ ಭಾಗ ಇರಲೇಬೇಕು, ಬರೀ ಸ್ಲ್ಯಾಶ್ ಇರುವ ಪಠ್ಯ ಕೊಟ್ಟರೆ ಕಮಾಂಡ್‌ಹ್ಯಾಂಡ್ಲರ್ ತಿರುಗಿಯೂ ನೋಡುವುದಿಲ್ಲ. ಕಮಾಂಡ್ ಹೆಸರು ಕನ್ನಡದಲ್ಲಿ ಇಡಲೂ ಬರುವುದಿಲ್ಲ ಬಿಡಿ, ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಅಷ್ಟೇ.

ಹ್ಯಾಂಡ್ಲರ್‌ಗೆ ಅಪ್‌ಡೇಟ್ ಜೊತೆ ಬರುವ ಕಾಂಟೆಕ್ಸ್ಟ್‌ನ ಯೂಸರ್‌ಡೇಟಾಗೆ (ಆ ಬಳಕೆದಾರನ ಬಗ್ಗೆ ನೆನಪಿಡುವ ಜಾಗ) ಮಾಕ್ ಬೇಡ, ಖಾಲಿ ಡಿಕ್ಷನರಿ ಕೊಡಿ. ಪ್ರತಿ ಟೆಸ್ಟ್‌ಗೂ ಹೊಸದು. ಮೇಲೆ ಒಂದೇ ಸಲ ಮಾಡಿಟ್ಟು ಎಲ್ಲರೂ ಹಂಚಿಕೊಂಡರೆ ಒಂದು ಟೆಸ್ಟ್‌ನ ಹಾಲು ಇನ್ನೊಂದರ ಪಾತ್ರೆಗೆ ಬೀಳುತ್ತದೆ.

ಹಂತ 9: ಬಾಗಿಲಿಗೆ ಬೀಗ

ಒಂದು ರಾತ್ರಿ 11ಕ್ಕೆ ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ಓಡಿಸಿದೆ. ಒಂದು ಪ್ಯಾಚ್ ತಪ್ಪು ಜಾಗದಲ್ಲಿತ್ತು, ಬಾಟ್‌ನ ಕೀಲಿಯಾದ ಅಸಲಿ ಟೋಕನ್ ಎನ್ವಿರಾನ್ಮೆಂಟ್‌ನಲ್ಲಿತ್ತು. ಇಡೀ ಅಪಾರ್ಟ್‌ಮೆಂಟ್‌ಗೆ "ಟೆಸ್ಟ್ ಟೆಸ್ಟ್ 99 ಲೀಟರ್" ಅಂತ ಹೋಯಿತು. ಮರುದಿನ ಲಿಫ್ಟ್‌ನಲ್ಲಿ ಎಲ್ಲರಿಗೂ ಅದೇ ಮಾತು.

ಅಂದಿನಿಂದ ಪೈಟೆಸ್ಟ್-ಸಾಕೆಟ್‌ನ ಡಿಸೇಬಲ್ ಸಾಕೆಟ್ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲೇ ಬರೆದಿಟ್ಟಿದ್ದೇನೆ. ಯಾವ ಟೆಸ್ಟ್ ನೆಟ್‌ವರ್ಕ್ ಮುಟ್ಟಿದರೂ ಅಲ್ಲೇ ಫೇಲ್. ಲಿನಕ್ಸ್‌ನಲ್ಲಿ ಅಸಿಂಕ್‌ಐಓಗೆ ಒಳಗಿನ ಯುನಿಕ್ಸ್ ಸಾಕೆಟ್ ಬೇಕಾಗುತ್ತದೆ, ಅದೊಂದನ್ನು ಬಿಡುವ ಆಯ್ಕೆಯನ್ನೂ ಜೊತೆಗೆ ಹಾಕಿ, ಇಲ್ಲದಿದ್ದರೆ ಟೆಸ್ಟ್ ಶುರುವೇ ಆಗುವುದಿಲ್ಲ. ಟೋಕನ್ ಜಾಗದಲ್ಲಿ ಸುಳ್ಳು ಟೋಕನ್ ಇರಲಿ.

ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ

ಹ್ಯಾಂಡ್ಲರ್‌ನಲ್ಲಿ ಉತ್ತರ ಕಳಿಸುವ ಸಾಲನ್ನೇ ಕಾಮೆಂಟ್ ಮಾಡಿ ಟೆಸ್ಟ್ ಓಡಿಸಿ. ಆಗಲೂ ಹಸಿರಾಗಿದ್ದರೆ ಆ ಟೆಸ್ಟ್ ಅಳಿಸಿ ಹೊಸದಾಗಿ ಬರೆಯಿರಿ. ಹೊಸ ಟೆಸ್ಟ್ ಬರೆದಾಗಲೆಲ್ಲ ನಾನು ಮೊದಲು ಹೀಗೆ ಮಾಡಿ ಅದನ್ನು ಒಮ್ಮೆ ಕೆಂಪು ಮಾಡಿಯೇ ಮುಂದೆ ಹೋಗುತ್ತೇನೆ.

ಎಲ್ಲಾ ಒಟ್ಟಿಗೆ ಓಡಿಸಿದರೆ ಪಾಸ್, ಒಂಟಿಯಾಗಿ ಓಡಿಸಿದರೆ ಫೇಲ್ ಅಂದರೆ ಡಿಕ್ಷನರಿ ಹಂಚಿಕೊಂಡಿದ್ದೀರಿ. "ಕೊರೂಟೀನ್ ಅವೇಟ್ ಆಗಲೇ ಇಲ್ಲ" ಎಂಬ ಎಚ್ಚರಿಕೆ ಕಂಡರೆ ಎಲ್ಲೋ ಅವೇಟ್ ಬಿಟ್ಟಿದೆ, ಆ ಎಚ್ಚರಿಕೆಗಳನ್ನು ಎಂದೂ ಮುಚ್ಚಿಡಬೇಡಿ. ಒಂದು ಟೆಸ್ಟ್‌ಗೆ ನಾಲ್ಕಕ್ಕಿಂತ ಜಾಸ್ತಿ ಪ್ಯಾಚ್ ಬೇಕಾದರೆ ತಪ್ಪು ಟೆಸ್ಟ್‌ನದ್ದಲ್ಲ, ಹಂತ 1 ಬಿಟ್ಟು ಬಂದಿದ್ದೀರಿ. ಉತ್ತರದ ಪಠ್ಯದಲ್ಲಿ ಮ್ಯಾಜಿಕ್‌ಮಾಕ್ ಅನ್ನುವ ಹೆಸರೇ ಕಾಣಿಸಿಕೊಂಡರೆ ಎಲ್ಲೋ ರಿಟರ್ನ್‌ವ್ಯಾಲ್ಯೂ ಕೊಡಲು ಮರೆತಿದ್ದೀರಿ, ಅದು ಲೆಕ್ಕದ ಒಳಗೂ ನುಗ್ಗಿರುತ್ತದೆ.

ಇಷ್ಟೆಲ್ಲಾ ಆದಮೇಲೂ ಬಾಟ್‌ಫಾದರ್ (ಟೆಲಿಗ್ರಾಂನಲ್ಲಿ ಹೊಸ ಬಾಟ್ ಮಾಡಿಕೊಡುವ ಬಾಟ್) ಹತ್ತಿರ ಎರಡನೇ ಬಾಟ್ ಒಂದನ್ನು ಮಾಡಿಸಿಕೊಳ್ಳಿ, ಟೆಸ್ಟ್‌ಗೆ ಅಂತಲೇ. ಹೊಸ ಆವೃತ್ತಿ ಹಾಕುವ ಮುನ್ನ ಅದರಿಂದ ನಿಮಗೊಬ್ಬರಿಗೇ ಒಂದು ಆರ್ಡರ್, ಒಂದು ರದ್ದು ಬಟನ್, ಒಂದು ಉದ್ದದ ಪಟ್ಟಿ ಅಸಲಿಯಾಗಿ ಕಳಿಸಿ ನೋಡಿ. ಅಲ್ಲಿ ಟೆಲಿಗ್ರಾಂ ಬೇಡ ಅಂದದ್ದು ಏನಾದರೂ ಸಿಕ್ಕರೆ, ಅದನ್ನು ಹಂತ 6ರ ಕಾವಲು ಫಂಕ್ಷನ್‌ಗೆ ಅವತ್ತೇ ಸೇರಿಸಿ.